ಹದಿನೆಂಟನೆಯ ಸಾಲು

ಪೋಸ್ಟರನ್ನು ಸುರುಳಿ ಸುತ್ತಿ, ಮಡಚಲಾಗದ ಕೊಡೆಯ ಹಾಗೆ
ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು
ಶಿರಸಿಯಿಂದ ಬೆಳಗಿನ ಐದರ ಬಸ್ಸು.
ದೇವಿಮನೆ ಘಟ್ಟದಲ್ಲಿ ಜುಜೆ ಎರಡು ಸಲ ವಾಂತಿ ಮಾಡಿದ.
ಮೂರನೆಯ ಸಲ ಕಿಟಕಿಗೆ ಬಗ್ಗಿದಾಗ
ಎದುರಿಗೆ ಸಮುದ್ರ.

ಕಾರವಾರ. ಸಭಾಂಗಣದ ಬಾಗಿಲಲ್ಲಿ ಕೊರಳಿಗೊಂದು ಪಟ್ಟಿ,
ಕೈಗೆ ಚೀಲ, ಪೆನ್ನು, ಊಟದ ಕೂಪನ್ನು.
ಹೊರಗೆ ಒಣಗುವ ಬಂಗಡೆಯ ಗಾಳಿ,
ಒಳಗೆ ಎರಡು ದಿನ ಬರೀ ಸಿಹಿನೀರು.

ನಮ್ಮ ಮೀನು ಹೆಬ್ಬೆರಳುದ್ದ.
ಗದ್ದದ ಕೆಳಗೊಂದು ಬಟ್ಟಲು; ಅದರಿಂದ ಬಂಡೆಯನ್ನು ಕಚ್ಚಿ ಹಿಡಿದು
ಆಷಾಢದ ಸೆಳವನ್ನು
ತಲೆಯ ಮೇಲೆ ಹಾದುಹೋಗಲು ಬಿಡುತ್ತದೆ.
ಲ್ಯಾಟಿನ್ ಹೆಸರಿಗೆ ತುಳಸಿಯ ನಾಲಿಗೆ ಜಾರುತ್ತದೆಂದು
ಕಲ್ಲುನೆಕ್ಕ ಅಂತಲೇ ಬರೆದೆವು, ದಪ್ಪ ಅಕ್ಷರದಲ್ಲಿ.

ಹುಳಸೆಹಳ್ಳದ ಹದಿನೇಳು ಜಾಗ. ಹದಿನಾಲ್ಕು ತಿಂಗಳು.
ಕಟ್ಟೆ ಬಂದ ಮೇಲೆ ಕಲ್ಲುಗಳ ಮೇಲೆ ಕೂತ ಕೆಸರು
ಬೆರಳಿಂದ ಹೆಸರು ಬರೆಯುವಷ್ಟು ದಪ್ಪ.
ಬಲೆ ಎತ್ತಿದೆವು, ಬರೆದೆವು: ಸೊನ್ನೆ.
ಮುಂದಿನ ಹೊಂಡಕ್ಕೆ ನಡೆದೆವು. ಸೊನ್ನೆ.
ಉಂಬಳದ ಲೆಕ್ಕ ಇಟ್ಟಿದ್ದರೆ
ಅದಾದರೂ ಕೋಷ್ಟಕ ತುಂಬುತ್ತಿತ್ತು.

ಪಕ್ಕದ ಪೋಸ್ಟರಿನಲ್ಲಿ ನಲವತ್ತಮೂರು ಜಾತಿ,
ಕೆಂಪು ಬಾಲದ್ದೊಂದನ್ನು ಜನ ಸಾಲುಗಟ್ಟಿ ಫೋಟೊ ತೆಗೆದರು.
ನಮ್ಮದರ ಮುಂದೆ ನಿಂತವರು
ಫ್ಯಾನಿನ ಗಾಳಿಗೆ ನಿಂತವರು.
ಹಿರಿಯರೊಬ್ಬರು ಮಾತ್ರ ಕನ್ನಡಕ ಹಣೆಗೇರಿಸಿ ಪೂರ್ತಿ ಓದಿ,
"ಸಿಗಲಿಲ್ಲ ಅನ್ನುವುದೂ ಇಲ್ಲ ಅನ್ನುವುದೂ ಒಂದೇ ಅಲ್ಲಮ್ಮ" ಎಂದರು.
ಗೊತ್ತು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ.
ಆದರೂ ಸ್ಟ್ಯಾಂಡಿನ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದು ನಿಂತೆ.
ಪ್ರಶ್ನೆಗಳು ತಲೆಯ ಮೇಲೆ ಹಾದುಹೋದವು.

ಎರಡನೆಯ ದಿನ, ಸಿಹಿನೀರಿನ ಪಂಡಿತರೆಲ್ಲ
ಇಸೋಣದ ತುಂಡಿಗೆ ತಟ್ಟೆ ಹಿಡಿದು ಸಾಲಲ್ಲಿದ್ದಾಗ
ಖಾಲಿ ಲೋಟ ಒಟ್ಟುಮಾಡಲು ಬಂದ ಪುತ್ತು ಅಂಬಿಗ
ನಮ್ಮ ಚಿತ್ರದ ಮುಂದೆ ನಿಂತ.
"ಇದಾ? ಕಲ್ಲುನೆಕ್ಕ! ರಾಶಿ ಅದೆ ನಮ್ಮಲ್ಲಿ.
ಕಟ್ಟೆಯಿಂದ ಕೆಳಗೇ ನಮ್ಮನೆ.
ನೀರಿಗೆ ಕಾಲು ಇಳಿಬಿಟ್ರೆ ಬಂದು ಹಿಮ್ಮಡಿ ನೆಕ್ತದೆ."

ಜುಜೆಯ ಮುಖ ಅರಳಿತು. ತುಳಸಿಯದು ಕಪ್ಪಿಟ್ಟಿತು,
ಹದಿನಾಲ್ಕು ತಿಂಗಳು ಅವಳ ಕಣ್ಣಲ್ಲಿ ಸುಮ್ಮನೆ ಕೊಚ್ಚಿ ಹೋದವು.
ನನ್ನ ಮುಖ ನನಗೆ ಕಾಣಲಿಲ್ಲ.
"ಕಡೆಯದಾಗಿ ನೋಡಿದ್ದು ಯಾವಾಗ?" ಎಂದೆ, ರೂಢಿಯಿಂದ.
ನಮ್ಮ ನಮೂನೆಯಲ್ಲಿ ಅದು ಆರನೆಯ ಪ್ರಶ್ನೆ.

"ಈ ಮಳೆಗಾಲ..." ಎಂದ. ತಡೆದ.
"ಅಣ್ಣನ ಮದುವೆಗೆ. ಅಲ್ಲ, ಆಗ ಹೊಂಡ ಬತ್ತಿತ್ತು."
ಬೆರಳು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.
"ನನ್ನ ಮಗಳಿಗೆ ತೋರಿಸಿದ್ದೆ. ತೊಡೆ ಮೇಲೆ ಕೂತಿತ್ತು ಕೂಸು."
"ಈಗ ಅವಳು?"
"ಪಿಯುಸಿ."

ಟ್ರೇಯಲ್ಲಿ ಲೋಟಕ್ಕೆ ಲೋಟ ತಾಗಿ ಸಣ್ಣಗೆ ಸದ್ದಾಯಿತು.
"ಹೌದಲ್ಲ" ಎಂದ, ನಮಗಲ್ಲ.
"ದಿನಾ ಅದೇ ನೀರಲ್ಲಿ ಕಾಲು ತೊಳೀತೆ.
ಇಲ್ಲ ಅನ್ನೂದೇ ಗೊತ್ತಾಗ್ಲಿಲ್ಲ."
ಯಾರೋ ಒಳಗಿಂದ ಚಹಾ ಎಂದು ಕೂಗಿದರು. ಹೋದ.

ಬಹುಮಾನ ಕೆಂಪು ಬಾಲಕ್ಕೇ. ನಾವೂ ಚಪ್ಪಾಳೆ ತಟ್ಟಿದೆವು.
ಪ್ರಮಾಣಪತ್ರದಲ್ಲಿ ಜುಜೆ ಜೂಜಿಯಾಗಿದ್ದ,
ಘಟ್ಟ ಹತ್ತುವವರೆಗೂ ಅದಕ್ಕೇ ನಕ್ಕೆವು.

ಅವರಿಬ್ಬರೂ ನಿದ್ದೆ ಹೋದ ಮೇಲೆ, ಮೊಬೈಲಿನ ಬೆಳಕಲ್ಲಿ,
ಹಳ್ಳಕ್ಕೆ ಬಿದ್ದು ಉಬ್ಬಿದ ಆ ಪುಸ್ತಕ ತೆರೆದು
ಹದಿನೆಂಟನೆಯ ಸಾಲು ಎಳೆದೆ.
ಜಾಗ: ಕಾರವಾರ, ಸಭಾಂಗಣ.
ಹೊತ್ತು: ಮಧ್ಯಾಹ್ನ ಒಂದು ನಲವತ್ತು.
ಬಲೆ: ಒಂದು ಪ್ರಶ್ನೆ.
ನೀರು: ಲೋಟದ ತಳದಲ್ಲಿ, ಅಲುಗುತ್ತ.
ಮೀನು...
ತಿರುವಿನಲ್ಲಿ ಬಸ್ಸು ಜಿಗಿಯಿತು, ಪೆನ್ನೂ.
ಸೊನ್ನೆ ಮುಚ್ಚಿಕೊಳ್ಳಲಿಲ್ಲ,
ಒಂದು ಕಡೆ ಬಾಯಿ ತೆರೆದುಕೊಂಡೇ ಉಳಿಯಿತು.
ತಿದ್ದಲಿಲ್ಲ.